ವೈಂಡಿಂಗ್ ಅಕ್ಕನ ನಾಲ್ಕನೇ ಪರೀಕ್ಷೆ

ಸ್ವಲ್ಪ ತಡೆಯಿರಿ. ನಿಮ್ಮ ಗಾಡಿಮನೆಯ ವೈರನ್ನು ಯಾರದೋ ಮನೆಯ ಸಾಕೆಟ್ಟಿಗೆ ಚುಚ್ಚಲು ಹೊರಟಿದ್ದರೆ ಪ್ಲಗ್ಗು ಕೈಯಲ್ಲೇ ಇರಲಿ, ಇದನ್ನು ಓದಿ ಮುಗಿಸಿ ಆಮೇಲೆ ಚುಚ್ಚಿ. ಯಾವ ಬ್ಯಾಟರಿ ಒಳ್ಳೆಯದು, ಯಾವ ಫ್ಯಾನು ಕಡಿಮೆ ಕರೆಂಟು ತಿನ್ನುತ್ತದೆ ಅಂತ ನಾನು ಇಲ್ಲಿ ಬಹಳ ಸಲ ಬರೆದಿದ್ದೇನೆ. ಇವತ್ತು ಅದಲ್ಲ. ಇವತ್ತು ಒಬ್ಬ ಹೆಂಗಸಿನ ವಿಷಯ ಬರೆಯಬೇಕು. ಹೋದ ತಿಂಗಳು ತೀರಿಕೊಂಡರು. ನನಗೆ ಕರೆಂಟಿನ ಬಗ್ಗೆ ಗೊತ್ತಿರುವುದರಲ್ಲಿ ವಿಡಿಯೋ ನೋಡಿ ಕಲಿತದ್ದು ಅರ್ಧ, ಅವರ ಹತ್ತಿರ ಬೈಸಿಕೊಂಡು ಕಲಿತದ್ದು ಅರ್ಧ. ಜೀವ ಉಳಿಸಿದ್ದು ಎರಡನೇ ಅರ್ಧ.

ಹೆಸರು ಬರೆಯುವುದಿಲ್ಲ. ಅವರಿಗೆ ಅದು ಇಷ್ಟವಾಗುತ್ತಿರಲಿಲ್ಲ. ಹಿರಿಯೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದರು. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿನ ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಗಂಡ ಇದ್ದಾಗ ಇಬ್ಬರೂ ಸೇರಿ ಸುತ್ತುತ್ತಿದ್ದರಂತೆ, ಅವರು ಹೋದ ಮೇಲೆ ಒಬ್ಬರೇ. ಊರಿನವರಿಗೆಲ್ಲ ವೈಂಡಿಂಗ್ ಅಕ್ಕ. ಅಂಗಡಿಗೆ ಬಂದ ತಕ್ಷಣ ಬಳೆ ಬಿಚ್ಚಿ ಗೋಡೆಯ ಮೊಳೆಗೆ ಹಾಕುವರು. ವಾರ್ನಿಷ್ ವಾಸನೆಯಲ್ಲಿ ಕೂತು ತುಟಿ ಅಲ್ಲಾಡಿಸುತ್ತ ಸುತ್ತು ಎಣಿಸುವರು. ಆ ಹೊತ್ತಿನಲ್ಲಿ ಯಾರೇ ಬಂದು ಮಾತಾಡಿಸಿದರೂ ಎಡಗೈಯ ಒಂದು ಬೆರಳು ಮೇಲಕ್ಕೆ ಏಳುತ್ತಿತ್ತು. ಆ ಬೆರಳು ಇಳಿಯುವವರೆಗೆ ಊರಗೌಡನಾದರೂ ಬಾಗಿಲಲ್ಲೇ ನಿಲ್ಲಬೇಕು.

ಹೊಸಬನೊಬ್ಬ ಒಮ್ಮೆ ನನ್ನ ಎದುರಿಗೇ ಕೇಳಿದ: "ಹೆಂಗಸ್ರು ಸುತ್ತಿದ ಮೋಟ್ರು ಓಡ್ತೈತಾ?"

ಅಕ್ಕ ತಲೆ ಎತ್ತಲಿಲ್ಲ. "ಓಡಲ್ಲ ಕಣಪ್ಪ. ಬಾವಿಯಾಗೇ ಇದ್ದು ನೀರು ಎತ್ತತೈತೆ. ಓಡೋದು ಬೇಕಿದ್ರೆ ಬೈಕ್ ತಗ."

ಅವರ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಬೇರೆ ಯಾವ ಅಂಗಡಿಯಲ್ಲೂ ನಾನು ಅದನ್ನು ನೋಡಿಲ್ಲ. ಮೋಟಾರು ಹೇಗೆ ಸುಟ್ಟಿತು ಅಂತ ತಂದವರು ನಿಜ ಹೇಳುವವರೆಗೆ ಅವರು ಅದರ ಒಂದು ಬೋಲ್ಟನ್ನೂ ಬಿಚ್ಚುತ್ತಿರಲಿಲ್ಲ. ತೆಂಗಿನ ತೋಟದವರು ಮೋಟಾರು ಇಳಿಸಿ, "ತಾನಾಗೇ ಸುಟ್ಟೋಯ್ತಕ್ಕ" ಅನ್ನುವರು. "ತಾನಾಗೇ ಸುಟ್ಕಳಾಕೆ ಅದಕ್ಕೇನು ಅವಮಾನ ಆಗೈತಾ?" ಅಂತ ಅಕ್ಕ. ಆಮೇಲೆ ಸುಮ್ಮನೆ ಕೂತುಬಿಡುವರು. ಸ್ವಲ್ಪ ಹೊತ್ತಿಗೆ ಆತ ತಲೆ ಕೆರೆಯುತ್ತ, ಫ್ಯೂಸಿಗೆ ದಪ್ಪ ತಂತಿ ಹಾಕಿದ್ದೆ ಅಂತಲೋ, ನೀರಿಲ್ಲದ ಬೋರಿನಲ್ಲಿ ಮೋಟಾರು ಬಿಟ್ಟು ಮದುವೆಗೆ ಹೋಗಿದ್ದೆ ಅಂತಲೋ ಹೇಳುವನು. "ಹಾ, ಈಗ ಬಿಚ್ಚಾಣ. ಸುಳ್ಳು ಕೇಳಿ ಸುತ್ತಿದ್ರೆ ತಿಂಗಳಿಗೆ ಮತ್ತೆ ತರ್ತೀಯ. ನಿನ್ನ ಮಖ ಅಷ್ಟು ಬೇಗ ನೋಡೋ ಆಸೆ ನಂಗಿಲ್ಲ."

ನಾನು ಅವರ ಅಂಗಡಿಗೆ ಹೋದದ್ದು ನಮ್ಮ ವ್ಯಾನಿನ ದೆಸೆಯಿಂದ. ಹೊಸದಾಗಿ ಓದುವವರಿಗೆ ಒಂದು ಮಾತು: ನಮ್ಮದು ಕುರಿ ಕಾಯುವ ಮನೆ. ಅಣ್ಣ ಬೆಳೆ ಕೊಯ್ಲಾದ ಮೇಲೆ ಕುರಿ ಹೊಡೆದುಕೊಂಡು ಹೊಸದುರ್ಗ, ಹೊಳಲ್ಕೆರೆ ಕಡೆಯ ಹೊಲಗಳಿಗೆ ಹೋಗುತ್ತಾನೆ. ರೈತರೇ ಕರೆಯುತ್ತಾರೆ. ಕುರಿಮಂದೆ ಹೊಲದಲ್ಲಿ ತಂಗಿದರೆ ಗೊಬ್ಬರ ಬೀಳುತ್ತದಲ್ಲ, ಅದಕ್ಕೆ. ಮೊದಲೆಲ್ಲ ಅಣ್ಣ ಒಬ್ಬನೇ ಹೋಗುತ್ತಿದ್ದ. ಅತ್ತಿಗೆ ಮತ್ತು ಅವರ ನಾಲ್ಕು ವರ್ಷದ ಮಗಳು ಊರಲ್ಲಿ. ಅಪ್ಪ ತಿಂಗಳುಗಟ್ಟಲೆ ಬಿಟ್ಟು ಬಂದರೆ ಆ ಮಗು ಅವನನ್ನು ಕಂಡು ಅತ್ತಿಗೆಯ ಸೆರಗಿನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿತ್ತು. ಅಣ್ಣನಿಗೆ ಅದು ಬಹಳ ನೋವು. ಆಗ ನಾನು ಹಳೆಯ ಸ್ಕೂಲ್ ವ್ಯಾನೊಂದನ್ನು ಹಿಡಿದು, ಸೀಟು ಕಿತ್ತು, ಎರಡು ಮಂಚ, ಒಲೆ, ದೀಪ, ಫ್ಯಾನು, ಕುರಿ ಔಷಧಿ ಇಡಲು ಒಂದು ಪುಟ್ಟ ಫ್ರಿಜ್ಜು ಎಲ್ಲ ಕೂರಿಸಿದೆ. ಮಂದೆ ಎಲ್ಲೋ ಸಂಸಾರವೂ ಅಲ್ಲೇ. ಮಗು ಅಪ್ಪನ ಹೆಗಲು ಬಿಟ್ಟು ಇಳಿಯದ ಹಾಗಾಯಿತು. ಅಣ್ಣ ಒಂದೇ ಒಂದು ಮಾತು ಹೇಳಿದ್ದ: "ಲೇ, ಇದ್ರಾಗೆ ನನ್ನ ಹೆಂಡ್ತಿ, ನನ್ನ ಮಗಳು ಮಲಗ್ತಾರೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅವತ್ತೇ ಅವರನ್ನ ಊರಿಗೆ ಕಳಿಸ್ತೀನಿ."

ಮಂದೆ ತಂಗುವ ಹೊಲದ ಮನೆಯಿಂದ ವ್ಯಾನಿಗೆ ಕರೆಂಟು ತೆಗೆದುಕೊಳ್ಳುತ್ತಿದ್ದೆವು. ವರಾಂಡದ ಸಾಕೆಟ್ಟಿನಿಂದ ಒಂದು ಉದ್ದನೆಯ ಕೇಬಲ್. ಹೀಗೇ ಒಂದು ದಿನ ಆ ಕೇಬಲ್ ಕರಗಿ ಒಂದಕ್ಕೊಂದು ಅಂಟಿಕೊಂಡಿತು. ಅದನ್ನು ಹಿಡಿದು ಅಕ್ಕನ ಅಂಗಡಿ ಹೊಕ್ಕೆ.

ಬೆರಳು ಇಳಿಯುವವರೆಗೆ ಕಾದೆ. ಆಮೇಲೆ ಕೇಳಿದರು: "ಹೆಂಗೆ ಸುಡ್ತು?"

"ಕೇಬಲ್ ಕ್ವಾಲಿಟಿ ಇಲ್ಲಕ್ಕ."

"ಸುತ್ತಿಟ್ಟಿದ್ಯಾ, ಬಿಡಿಸಿ ಹಾಕಿದ್ಯಾ?"

ಸುತ್ತಿಯೇ ಇಟ್ಟಿದ್ದೆ. ಮನೆ ಹತ್ತಿರ ಇತ್ತು, ಉಳಿದ ಕೇಬಲ್ ಯಾಕೆ ಹರಡುವುದು ಅಂತ ಸುರುಳಿಯಲ್ಲೇ ಬಿಟ್ಟು ಇಂಡಕ್ಷನ್ ಒಲೆ ಹಚ್ಚಿದ್ದೆ.

"ಸುರುಳಿ ಸುತ್ತೋದು ನನ್ನ ಕಸುಬು ಕಣಪ್ಪ, ನೀನ್ಯಾಕೆ ಸುತ್ತಾಕೋದೆ?" ಅಂದರು. ಸುರುಳಿಯಲ್ಲಿದ್ದ ಕೇಬಲಿನ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಬೇಯುತ್ತದೆ ಅಂತ ಅಂಟಿಕೊಂಡ ಜಾಗವನ್ನು ಕತ್ತರಿಸಿ ತೋರಿಸಿದರು. ನಾನು ವಿಡಿಯೋದಲ್ಲಿ ನೋಡಿದ್ದನ್ನೆಲ್ಲ ಹೇಳಲು ಶುರು ಮಾಡಿದೆ. ಪೂರ್ತಿ ಕೇಳಿ, "ಆಯ್ತಪ್ಪ ಮೊಬೈಲ್ ಇಂಜಿನಿಯರು. ವ್ಯಾನು ತಂದು ನಿಲ್ಸು, ನೋಡಾಣ" ಅಂದರು. ಅವತ್ತಿನಿಂದ ಕೊನೆಯವರೆಗೂ ನಾನು ಅವರಿಗೆ ಮೊಬೈಲ್ ಇಂಜಿನಿಯರೇ.

ವ್ಯಾನು ನೋಡಿದವರೇ ಮೊದಲು ಕೇಳಿದ್ದು ಫ್ರಿಜ್ಜನ್ನೂ ಅಲ್ಲ, ಒಲೆಯನ್ನೂ ಅಲ್ಲ. "ಮೆಟ್ಟಿಲು ಯಾವುದ್ರದ್ದು?" ಕಬ್ಬಿಣದ್ದು. "ಹಿಡಿಕೆ?" ಅದೂ ಕಬ್ಬಿಣ. ವ್ಯಾನಿನ ಮೈಮೇಲೆ ಕೈಯಿಟ್ಟು ಹೇಳಿದರು: "ನೋಡು, ಇದು ರಬ್ಬರ್ ಚಕ್ರದ ಮ್ಯಾಲೆ ನಿಂತಿರೋ ಕಬ್ಬಿಣದ ಡಬ್ಬಿ. ಇದರ ಮೈಗೆ ಕರೆಂಟು ಬಂತು ಅನ್ಕ. ಒಳಗೆ ಮಲಗಿದ್ದೋರಿಗೆ ಗೊತ್ತೇ ಆಗಲ್ಲ. ಬರಿಗಾಲಾಗೆ ನೆಲದ ಮ್ಯಾಲೆ ನಿಂತು ಹಿಡಿಕೆ ಹಿಡೀತಾರಲ್ಲ, ಅವರಿಗೆ."

ಆಮೇಲೆ ಪಾಠ. ಬಲ್ಬಿನ ಹೋಲ್ಡರಿಗೆ ಎರಡು ತಂತಿ ಕಟ್ಟಿದ ಟೆಸ್ಟ್ ಲ್ಯಾಂಪು ಒಂದನ್ನು ನನಗೆ ಮಾಡಿಕೊಟ್ಟರು. ತುದಿಗಳಿಗೆ ಪ್ಲಾಸ್ಟಿಕ್ ಹಿಡಿ, ಬಲ್ಬಿಗೆ ಜಾಲರಿ. ಯಾರ ಮನೆಗೆ ಹೋದರೂ ಪ್ಲಗ್ಗು ಚುಚ್ಚುವ ಮುಂಚೆ ಇದರಿಂದ ಕೇಳಬೇಕು. ಸಾಕೆಟ್ಟಿನ ಎದುರು ನಿಂತರೆ ಬಲಗಡೆ ತೂತು ಫೇಸ್, ಕರೆಂಟು ಬರುವ ದಾರಿ. ಎಡಗಡೆಯದು ನ್ಯೂಟ್ರಲ್, ವಾಪಸ್ ಹೋಗುವ ದಾರಿ. ಮೇಲಿನ ದೊಡ್ಡದು ಅರ್ತ್, ನೆಲಕ್ಕೆ ಹೂತ ತಂತಿ. ವ್ಯಾನಿನ ಮೈಗೆ ಸೇರುವುದು ಈ ದೊಡ್ಡದೇ. ಬಲಕ್ಕೂ ಎಡಕ್ಕೂ ಲ್ಯಾಂಪು ಹಿಡಿದರೆ ಚೆನ್ನಾಗಿ ಉರಿಯಬೇಕು. ಬಲಕ್ಕೂ ಮೇಲಿನದಕ್ಕೂ ಹಿಡಿದರೆ ಅಷ್ಟೇ ಚೆನ್ನಾಗಿ ಉರಿಯಬೇಕು, ಇಲ್ಲವೇ ಆ ಮನೆಯ ಟ್ರಿಪ್ಪರ್, ಅಂದರೆ ಕರೆಂಟು ಸೋರಿದರೆ ತಾನಾಗೇ ಆರುವ ಸ್ವಿಚ್ಚು, ಬೀಳಬೇಕು. ಎಡಕ್ಕೂ ಮೇಲಿನದಕ್ಕೂ ಹಿಡಿದರೆ ಉರಿಯಬಾರದು.

"ಮೂರೂ ಸರಿ ಬಂದ್ರೆ ಚುಚ್ಚಬೋದಾ ಅಕ್ಕ?"

"ಉರೀತೈತೆ ಅಂದ್ರೆ ಸರಿ ಐತೆ ಅಂತಲ್ಲ ಕಣೋ. ನೆಲಾನ ಕೇಳ್ಬೇಕು."

ಅದೇ ನಾಲ್ಕನೇ ಪರೀಕ್ಷೆ. ಸಾಕೆಟ್ಟಿನಿಂದ ಏಳೆಂಟು ಹೆಜ್ಜೆ ದೂರದಲ್ಲಿ, ಆ ಮನೆಯ ಯಾವ ತಂತಿಗೂ ಸಂಬಂಧವಿಲ್ಲದ ನೆಲದಲ್ಲಿ ಕಬ್ಬಿಣದ ಗೂಟ ಹೊಡೆಯಬೇಕು. ಸುತ್ತ ಒಂದು ಕೊಡ ನೀರು ಹೊಯ್ಯಬೇಕು. ಮನೆಯವರಿಗೆ ಹೇಳಿ ನೀರು ಕಾಯಿಸುವ ಕಾಯಿಲ್ಲೋ ಇಸ್ತ್ರಿಪೆಟ್ಟಿಗೆಯೋ, ಯಾವುದು ಜಾಸ್ತಿ ಕರೆಂಟು ಎಳೆಯುತ್ತದೋ ಅದನ್ನು ಹಾಕಿಸಬೇಕು. ಆಗ ಸಾಕೆಟ್ಟಿನ ದೊಡ್ಡ ತೂತಿಗೂ ಗೂಟಕ್ಕೂ ಲ್ಯಾಂಪು ಹಿಡಿಯಬೇಕು. ಮಿಣುಕೆಂದರೂ ಸಾಕು, ಕೇಬಲ್ ಸುತ್ತಿಕೊಂಡು ಬರಬೇಕು.

"ಮೂರು ಪಾಸಾದ ಮನೇಲಿ ಕಟ್ಟಿದ್ದ ಎಮ್ಮೆ ಸತ್ತಿದ್ದು ನೋಡೀನಿ" ಅಂದರು ಅಕ್ಕ.

ನಾನು ಮಾಡಿದೆ. ಒಂದು ಹತ್ತು ಹದಿನೈದು ಮನೆಗಳಲ್ಲಿ ನಾಲ್ಕನ್ನೂ ಮಾಡಿದೆ. ಕೇಬಲ್ ಪೂರ್ತಿ ಬಿಡಿಸಿ, ಕುರಿ ತುಳಿಯದ ಕಡೆ ಹಾಕಿ, ಮೊದಲು ವ್ಯಾನಿನ ಕಡೆ ಸೇರಿಸಿ ಕೊನೆಗೆ ಮನೆಯ ಕಡೆ ಚುಚ್ಚುವುದು, ಬಿಡಿಸುವಾಗ ಮೊದಲು ಮನೆಯ ಕಡೆ ಕೀಳುವುದು, ಎಲ್ಲ ಅಚ್ಚುಕಟ್ಟು. ಎಲ್ಲೂ ಏನೂ ತೋರಲಿಲ್ಲ. ಏನೂ ತೋರದಿದ್ದಾಗ ಮನುಷ್ಯನಿಗೆ ಗೂಟ ಭಾರವಾಗುತ್ತದೆ.

ಮತ್ತೋಡಿನ ಕಡೆ ಒಂದು ಹೊಲ. ಸಂಜೆ ತಲುಪಿದೆವು. ಹೊಲದ ಯಜಮಾನರು ಒಳ್ಳೆಯ ಮನುಷ್ಯ, ವಯಸ್ಸಾದವರು. ಲ್ಯಾಂಪು ಹಿಡಿದೆ, ಮೂರೂ ಪಾಸ್. ಗೂಟ ಹೊಡೆಯಲು ಹೋದರೆ ಆ ನೆಲ ಕಲ್ಲಿನಂತೆ. ಎರಡು ಏಟಿಗೆ ಗೂಟ ಡೊಂಕಾಯಿತು. "ಬಾರಪ್ಪ, ಮುದ್ದೆ ಆರ್ತೈತೆ" ಅಂತ ಯಜಮಾನರು ಒಳಗಿನಿಂದ ಕರೆದರು. ಗೂಟ ಅಲ್ಲೇ ಎಸೆದು ಪ್ಲಗ್ಗು ಚುಚ್ಚಿ ಊಟಕ್ಕೆ ಹೋದೆ.

ಬೆಳಗಾಯಿತು. ಅಣ್ಣ ಹೊಲದ ಆ ತುದಿಯಲ್ಲಿ ಮಂದೆಯ ಹತ್ತಿರ. ನಾನು ಬೇಲಿಯ ಬಳಿ ಹಲ್ಲುಜ್ಜುತ್ತಿದ್ದೆ. ಕುಂಟುತ್ತಿದ್ದ ಒಂದು ಕುರಿಯನ್ನು ಮಂದೆಗೆ ಬಿಡದೆ, ನಾಯಿಯ ಸರಪಳಿಯಲ್ಲಿ ವ್ಯಾನಿನ ಹಿಂದಿನ ಮೆಟ್ಟಿಲಿಗೆ ಕಟ್ಟಿದ್ದೆವು. ವ್ಯಾನಿನ ಕಿಟಕಿಯಲ್ಲಿ ಕಾಣುತ್ತಿದ್ದ ದೀಪ ಇದ್ದಕ್ಕಿದ್ದಂತೆ ಮಂಕಾಯಿತು. ಅದೇ ಕ್ಷಣಕ್ಕೆ ಕುರಿ ನಿಂತಲ್ಲೇ ನೆಗೆದು ಬಿತ್ತು. ಕಾಲು ನಾಲ್ಕೂ ಸೆಟೆದುಕೊಂಡವು. ಸದ್ದಿಗೆ ಎದ್ದ ಅತ್ತಿಗೆ ಬಾಗಿಲು ತೆಗೆದರು. ಸೆರಗು ಹಿಡಿದುಕೊಂಡು ಮಗು. ಅತ್ತಿಗೆಯ ಕೈ ಹಿಡಿಕೆಯ ಮೇಲಿತ್ತು, ಬರಿಗಾಲು ನೆಲದ ಕಡೆಗೆ ಇಳಿಯುತ್ತಿತ್ತು.

"ಅತ್ಗೆ, ಇಳೀಬ್ಯಾಡ್ರಿ! ಒಳಗೆ ಹೋಗ್ರಿ!"

ನಾನು ಹಾಗೆ ಕಿರುಚಿದ್ದು ಜೀವಮಾನದಲ್ಲಿ ಅದೊಂದೇ ಸಲ. ಆ ಕಾಲು ನೆಲಕ್ಕೆ ಒಂದು ಗೇಣು ಇರುವಾಗ ನಿಂತಿತು, ಮೇಲಕ್ಕೆ ಹೋಯಿತು. ನಾನು ವರಾಂಡಕ್ಕೆ ಓಡಿ ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತೆ. ಒಳಗೆ ಬಚ್ಚಲಲ್ಲಿ ಯಜಮಾನರ ಸೊಸೆ ಆಗಷ್ಟೇ ನೀರಿಗೆ ಕಾಯಿಲ್ ಹಾಕಿದ್ದರು. ದನದ ಕೊಟ್ಟಿಗೆಯ ಹಿಂದೆ ಒಂದು ಕಬ್ಬಿಣದ ರಾಡು, ಅದಕ್ಕೆ ಸುತ್ತಿದ ತಂತಿ ಕಂಡಿತು. ಆಗ ಅರ್ಥವಾಯಿತು.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಕಂಬದಿಂದ ಬರುವ ನ್ಯೂಟ್ರಲ್ ತುಂಡಾದರೆ ಲೈನ್‌ಮನ್ ಬರುವವರೆಗೆ ಯಾರು ಕಾಯುತ್ತಾರೆ? ನೆಲಕ್ಕೆ ಒಂದು ರಾಡು ಹೊಡೆದು ವಾಪಸ್ ಹೋಗುವ ಕರೆಂಟನ್ನು ಅದಕ್ಕೆ ಕಟ್ಟಿಬಿಡುವುದು. ದೀಪ ಉರಿಯುತ್ತದೆ. ಈ ಮನೆಯಲ್ಲಿ ಬೋರ್ಡಿನ ನ್ಯೂಟ್ರಲ್ ಮತ್ತು ಅರ್ತ್ ಎರಡನ್ನೂ ಅದೇ ರಾಡಿಗೆ ಸೇರಿಸಿದ್ದರು. ಅದಕ್ಕೇ ನನ್ನ ಮೂರು ಪರೀಕ್ಷೆ ಪಾಸಾದದ್ದು. ಒಣ ನೆಲ ಅಷ್ಟು ಕರೆಂಟನ್ನು ನುಂಗಲಾರದೆ ಹೋದಾಗ, ಕಾಯಿಲ್ಲಿಗೆ ಹೋದ ಕರೆಂಟು ಅರ್ತ್ ತಂತಿ ಹಿಡಿದು ವ್ಯಾನಿನ ಮೈಗೆ ಬಂದು ನಿಂತಿತ್ತು. ವ್ಯಾನಿನೊಳಗೆ ನಾನು ಹೆಮ್ಮೆಯಿಂದ ಕೂರಿಸಿದ್ದ ಟ್ರಿಪ್ಪರ್ ಬೀಳಲೇ ಇಲ್ಲ. ಅದು ಕಾಯುವುದು ಫೇಸ್ ಮತ್ತು ನ್ಯೂಟ್ರಲ್ ದಾರಿಯನ್ನು. ಅರ್ತ್ ದಾರಿಯಲ್ಲಿ ಬಂದ ಕಳ್ಳನನ್ನು ಅದು ಕಾಣುವುದೇ ಇಲ್ಲ.

ಅಣ್ಣ ಓಡಿ ಬಂದ. "ಏನ್ಲಾ ಆಯ್ತು?"

ಇಲ್ಲಿ ನಾನು ಹೇಳಬೇಕಿತ್ತು. ಹೇಳಿದರೆ ಅತ್ತಿಗೆ, ಮಗು ಅವತ್ತೇ ಊರಿಗೆ. ನಾನು ಕಟ್ಟಿದ ವ್ಯಾನು ಖಾಲಿ. "ಗೊತ್ತಿಲ್ಲಣ್ಣ, ನಿಂತಂಗೇ ಬಿತ್ತು" ಅಂದೆ.

"ಮತ್ತೆ ಇಳೀಬ್ಯಾಡ ಅಂತ ಯಾಕಪ್ಪ ಕೂಗ್ದೆ?" ಅತ್ತಿಗೆ ಕೇಳಿದರು.

"ಹಾವು ಕಂಡಂಗಾಯ್ತು ಅತ್ಗೆ."

ಅತ್ತಿಗೆ ನನ್ನನ್ನೇ ನೋಡಿದರು. ಅಣ್ಣ ಕುರಿಯ ಬಾಯಿ ತೆರೆದು ನೋಡಿದ, ಹೊಟ್ಟೆ ತಟ್ಟಿದ. ಕೊಯ್ದ ಜೋಳದ ಕೂಳೆಯಲ್ಲಿ ಬರುವ ಚಿಗುರು ಕುರಿಗೆ ವಿಷ. ಅದನ್ನೇ ತಿಂದಿದೆ ಅಂತ ತೀರ್ಮಾನಿಸಿ ಯಜಮಾನರ ಮನೆ ಬಾಗಿಲಿಗೆ ಹೋದ.

"ವಿಷದ ಹೊಲಕ್ಕೆ ಮಂದೆ ಕರೆದ್ರಲ್ಲ ಯಜಮಾನ್ರೇ, ಇದು ಧರ್ಮಾನಾ?"

"ನಮ್ಮ ಹೊಲ ಮೇದು ಸತ್ತ ಕುರಿ ಇದುವರೆಗೂ ಇಲ್ಲ ಕಣಪ್ಪ. ಬಾಯಿಗೆ ಬಂದಂಗೆ ಆಡಬ್ಯಾಡ."

ಮಾತಿಗೆ ಮಾತು ಬೆಳೆಯಿತು. ನಾನು ಪಕ್ಕದಲ್ಲೇ ಕೇಬಲ್ ಸುತ್ತುತ್ತ ನಿಂತಿದ್ದೆ. ಅಣ್ಣ ಮಂದೆ ಎಬ್ಬಿಸಿಕೊಂಡು ಒಂದೆರಡು ಮೈಲಿ ಆಚೆಯ ಹೊಲಕ್ಕೆ ಹೋದ. ದಾರಿಯಲ್ಲಿ ಸಿಕ್ಕ ಕುರಿಯವರಿಗೆಲ್ಲ, ಆ ಹೊಲಕ್ಕೆ ಹೋಗಬೇಡಿ ಅಂತ ಹೇಳಿದ.

ಹೊಸ ಜಾಗದಲ್ಲಿ ನಾನು ಪ್ಲಗ್ಗು ಚುಚ್ಚಲೇ ಇಲ್ಲ. ಏನೋ ಸಾಮಾನು ತರಬೇಕು ಅಂತ ನೆಪ ಹೇಳಿ, ಎರಡು ದಿನ ಬಿಟ್ಟು ಹಿರಿಯೂರಿಗೆ ಬಸ್ ಹತ್ತಿದೆ. ಅಕ್ಕ ಸುತ್ತುತ್ತಿದ್ದರು. ಬೆರಳು ಎತ್ತಿದರು. ನಾನು ಕಾಯಲಿಲ್ಲ.

"ಅಕ್ಕ, ಒಂದು ಕುರಿ ಸತ್ತೋಯ್ತು."

ಬೆರಳು ಹಾಗೇ ಇತ್ತು. "ಹೆಂಗೆ ಸತ್ತೋಯ್ತು?"

ಮೋಟಾರು ತಂದವರಿಗೆ ಕೇಳುವ ದನಿಯಲ್ಲೇ ಕೇಳಿದರು. ನಾನು ಗೂಟದಿಂದ ಹಿಡಿದು ಹಾವಿನವರೆಗೆ ಎಲ್ಲ ಹೇಳಿದೆ. ಅವರು ತಂತಿ ಕೈಬಿಟ್ಟರು. ಅರ್ಧ ಸುತ್ತಿದ್ದ ಸುರುಳಿ ಸಡಿಲಾಗಿ ಬಿಚ್ಚಿಕೊಂಡಿತು. ಅವರು ಎಣಿಕೆಯನ್ನು ನಡುವೆ ಬಿಟ್ಟದ್ದನ್ನು ಅವತ್ತೊಂದೇ ಸಲ ನೋಡಿದೆ.

"ಆ ಮನೇಲಿ ಯಾರ್ಯಾರವ್ರೆ?"

"ಯಜಮಾನ್ರು, ಅವರ ಹೆಂಡ್ತಿ, ಸೊಸೆ."

"ಅವರಿಗೆ ಹೇಳಿದ್ಯಾ?"

"ಇಲ್ಲಕ್ಕ."

"ಎರಡು ದಿನದಾಗೆ ಆ ಹುಡುಗಿ ಎಷ್ಟು ಸಲ ನೀರು ಕಾಯಿಸಿರ್ತಾಳೆ, ಲೆಕ್ಕ ಹಾಕಿದ್ಯಾ?"

ಈ ಎರಡು ದಿನವೂ ನಾನು ಯೋಚಿಸಿದ್ದು ನನ್ನ ವ್ಯಾನು, ನಮ್ಮ ಅತ್ತಿಗೆ, ನಮ್ಮ ಮಗು. ಆ ಮನೆ ನೆನಪಿಗೇ ಬಂದಿರಲಿಲ್ಲ. ಅವರ ಫೋನ್ ನಂಬರು ಅಣ್ಣನ ಹತ್ತಿರ ಮಾತ್ರ ಇತ್ತು. ಅಣ್ಣನಿಗೆ ಹಚ್ಚಿದರೆ ಸ್ವಿಚ್ ಆಫ್. ವ್ಯಾನಿಗೆ ಕರೆಂಟು ಕೊಡದೆ ಫೋನು ಸತ್ತಿತ್ತು, ಅದೂ ನನ್ನಿಂದಲೇ.

ಅಕ್ಕ ಅಂಗಡಿಯ ಬಾಗಿಲು ಎಳೆದರು. "ನಡಿ, ಹೋಗಾಣ."

ಹೊಸದುರ್ಗದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಬಹಳ ಹೊತ್ತಾದ ಮೇಲೆ ಒಂದೇ ಮಾತು: "ಗೂಟ ಹೊಡೀದೇ ಇದ್ದದ್ದು ಸೋಮಾರಿತನ ಕಣಪ್ಪ, ನಾನೂ ಮಾಡೀನಿ. ಹಾವು ಅಂದ್ಯಲ್ಲ, ಅದು ಬ್ಯಾರೆ."

ಮತ್ತೋಡಿನಿಂದ ಆಟೋ. ಮನೆ ಮುಟ್ಟಿದ ತಕ್ಷಣ ಯಾರನ್ನೂ ಮಾತಾಡಿಸದೆ ಮೇನ್ ಸ್ವಿಚ್ಚು ಇಳಿಸಿದರು. ಆಮೇಲೆ ವರಾಂಡದಲ್ಲಿ ನಿಂತು, "ಎಲ್ರೂ ಇದ್ದೀರೇನ್ರಮ್ಮ?" ಅಂದರು. ಒಳಗಿನಿಂದ ಅತ್ತೆ, ಸೊಸೆ ಇಬ್ಬರೂ ಬಂದರು. ನಾನು ಕಂಬಕ್ಕೆ ಒರಗಿ ಕೂತುಬಿಟ್ಟೆ.

"ಎರಡು ದಿನದಿಂದ ನೀರೇ ಕಾಯ್ತಿಲ್ಲ ಕಣಕ್ಕ. ಅದ್ಕೆ ಕಾಯಿಲ್ ಇನ್ನೂ ಹೊತ್ತು ಬಿಡ್ತಿದ್ದೆ" ಅಂದಳು ಸೊಸೆ.

"ಚಪ್ಪಲಿ ಹಾಕ್ಕಂಡು ಹೋಗ್ತಿದ್ಯಾ ಬಚ್ಚಲಿಗೆ?"

"ಹೂಂ. ಕಾಲು ಒಡದೈತೆ ಅಂತ."

ಅಕ್ಕ ಕಣ್ಣು ಮುಚ್ಚಿ ತೆರೆದರು, ಅಷ್ಟೇ. ಅಣ್ಣನನ್ನು ಕರೆತರಲು ನನ್ನನ್ನು ಅಟ್ಟಿದರು. ಅಣ್ಣ ಬಂದ, ಅತ್ತಿಗೆ ಮಗುವನ್ನು ಎತ್ತಿಕೊಂಡು ಬಂದರು. ಅಷ್ಟರಲ್ಲಿ ಯಜಮಾನರೂ ಹೊಲದಿಂದ ಬಂದಿದ್ದರು. ಅಣ್ಣನ ಮುಖ ನೋಡಿ ಗೋಡೆಯ ಕಡೆ ತಿರುಗಿದರು.

"ಹೇಳು" ಅಂದರು ಅಕ್ಕ. ನಾನು ಹೇಳಿದೆ. ಅಣ್ಣ ಹೊಡೆಯುತ್ತಾನೆ ಅಂದುಕೊಂಡೆ. ಅವನು ನನ್ನನ್ನು ದಾಟಿಕೊಂಡು ಯಜಮಾನರ ಮುಂದೆ ಹೋಗಿ ನಿಂತ.

"ನಿಮ್ಮ ಹೊಲ ಒಳ್ಳೇದೈತೆ ಯಜಮಾನ್ರೇ. ತಪ್ಪು ನಮ್ದು. ನಾನು ಯಾರ್ಯಾರಿಗೆ ಹೇಳೀನೋ ಅವರಿಗೆಲ್ಲ ನಾನೇ ಹೋಗಿ ಹೇಳ್ತೀನಿ."

ಯಜಮಾನರು ಕೊಟ್ಟಿಗೆಯ ಕಡೆ ಕೈ ತೋರಿಸಿದರು. "ನಿಮ್ದು ಅರ್ಧ. ಆ ರಾಡು ಹೊಡೆದೋನು ನಾನು."

ಅಕ್ಕ ಆ ರಾಡಿನ ತಂತಿಯನ್ನು ತಾವೇ ಕಿತ್ತರು. ಕರೆಂಟ್ ಆಫೀಸಿಗೆ ಯಜಮಾನರಿಂದಲೇ ಫೋನು ಮಾಡಿಸಿದರು. ಲೈನ್‌ಮನ್ ಬಂದು ನ್ಯೂಟ್ರಲ್ ಕಟ್ಟುವವರೆಗೆ ಮೇನ್ ಏರಿಸಕೂಡದು ಅಂತ ಸೊಸೆಯಿಂದ ಮಾತು ತೆಗೆದುಕೊಂಡರು. ಎಲ್ಲ ಮುಗಿದ ಮೇಲೆ ಅಣ್ಣ ಕೇಳಿದ:

"ಅಕ್ಕ, ನೀವೇ ಹೇಳ್ರಿ. ಇದ್ರಾಗೆ ನನ್ನ ಮಗಳನ್ನ ಮಲಗಿಸಬೋದಾ?"

ನಾನು ಅಕ್ಕನ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ.

"ವ್ಯಾನು ಸರಿಯಾಗೈತೆ. ಇವನು ಪ್ಲಗ್ಗು ಹಾಕಂಗಿದ್ರೆ ಬ್ಯಾಡ." ಆಮೇಲೆ ಅತ್ತಿಗೆಯ ಕಡೆ ತಿರುಗಿದರು. "ಕೆಳಗೆ ನಿಂತು ಹಿಡಿಕೆ ಹಿಡಿಯೋಳು ನೀನು. ನೋಡೋಳೂ ನೀನೇ ಆಗು ತಾಯಿ."

"ನಾನು ಓದಿಲ್ಲಕ್ಕ."

"ಕುರಿ ಕಿವಿ ನೋಡಿ ಜ್ವರ ಐತೆ ಅಂತೀಯಂತೆ. ಲೈಟು ಉರೀತೈತಾ ಇಲ್ವಾ ಅಂತ ನೋಡಾಕೆ ಏನು ಓದ್ಬೇಕು? ಕುಂತ್ಕ ಇಲ್ಲಿ."

ಆ ವರಾಂಡದ ಮೇಲೆ, ಸತ್ತ ಸಾಕೆಟ್ಟಿನ ಎದುರು, ಅತ್ತಿಗೆಯ ಕೈ ಹಿಡಿದು ಬಲ, ಎಡ, ಮೇಲೆ ಅಂತ ಕಲಿಸುತ್ತ ಹೋದರು. ಗೂಟ ಹೊಡೆಯುವ ಕೆಲಸ ಮಾತ್ರ ನನ್ನದು ಅಂತ ತೀರ್ಪಾಯಿತು. ಅಣ್ಣ ಒಪ್ಪಿದ. ಅಂದಿನಿಂದ ಇಂದಿನವರೆಗೆ ನಮ್ಮ ವ್ಯಾನಿನ ಪ್ಲಗ್ಗನ್ನು ಅತ್ತಿಗೆಯ ಹೊರತು ಯಾರೂ ಚುಚ್ಚಿಲ್ಲ. ನಾಲ್ಕನೆಯದು ಆಗದಿದ್ದರೆ ಎಂಥ ಮಳೆ ಇರಲಿ, ಎಂಥ ಮುದ್ದೆ ಆರಲಿ, ಅವರು ಕೈ ಮುಂದಕ್ಕೆ ತರುವುದಿಲ್ಲ. ಎರಡು ಮನೆಗಳಲ್ಲಿ ಲ್ಯಾಂಪು ಮಿಣುಕಿತು. ಎರಡು ಕಡೆಯೂ ಕತ್ತಲಲ್ಲೇ ಮಲಗಿದೆವು. ಆ ಮನೆಯವರಿಗೂ ಹೇಳಿ ಸರಿ ಮಾಡಿಸಿಯೇ ಹೊರಟೆವು.

ಹೋದ ತಿಂಗಳು ನಾವು ಹೊರಕೆರೆದೇವಪುರದ ಕಡೆ ಇದ್ದಾಗ ಅಕ್ಕನ ಮಗ ಫೋನು ಮಾಡಿದರು. ಎದೆನೋವು, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಮಂದೆಯನ್ನು ಅಣ್ಣನಿಗೆ ಬಿಟ್ಟು ನಾನು, ಅತ್ತಿಗೆ ವ್ಯಾನಿನಲ್ಲೇ ಹಿರಿಯೂರಿಗೆ ಹೋದೆವು. ಮಧ್ಯಾಹ್ನದ ಬಿಸಿಲು. ದೂರದಿಂದ ಅಕ್ಕನ ಮಗಳು ಬರುವವರೆಗೆ ಇಡಬೇಕು ಅಂತ ಮನೆಯ ಮುಂದಿನ ಶಾಮಿಯಾನದಲ್ಲಿ ಫ್ರೀಜರ್ ಪೆಟ್ಟಿಗೆ ತರಿಸಿ ಅಕ್ಕನನ್ನು ಅದರೊಳಗೆ ಮಲಗಿಸಿದ್ದರು. ಸುತ್ತ ನೀರು ಚೆಲ್ಲಿ ನೆಲ ಒದ್ದೆ. ಜನ ಚಪ್ಪಲಿ ಬಿಟ್ಟು ಬಂದು ಪೆಟ್ಟಿಗೆಯ ಅಂಚು ಹಿಡಿದು ಅಳುತ್ತಿದ್ದರು. ಒಬ್ಬ ಅಜ್ಜಿ ಕೈ ಹಿಂದಕ್ಕೆ ಎಳೆದುಕೊಂಡು, "ಜುಮ್ ಅಂತೈತಲ್ಲೇ" ಅಂದಳು. "ಐಸಲ್ವಾ ಅಜ್ಜಿ, ತಣ್ಣಗಿರೋದಕ್ಕೆ ಹಂಗೆ" ಅಂದರು ಯಾರೋ.

ಅತ್ತಿಗೆ ಅಳು ನಿಲ್ಲಿಸಿದರು.

"ಯಾರೂ ಮುಟ್ಟಬ್ಯಾಡ್ರಿ. ಹಿಂದಕ್ಕೆ ಬರ್ರಿ ಎಲ್ರೂ. ಇದ್ರ ಪ್ಲಗ್ಗು ಎಲ್ಲೈತೆ?"

"ಇದೇನಮ್ಮ, ಹೆಣದ ಮುಂದೆ ಇದೆಂಥ ಕೆಲಸ?" ಅಂತ ಒಬ್ಬರು ಹಿರಿಯರು ಗದರಿದರು.

"ಅವರೇ ಕಲಿಸಿದ್ದು ಯಜಮಾನ್ರೇ. ಬಿಟ್ರೆ ಎದ್ದು ಬಂದು ಬೈತಾರೆ."

ಅಕ್ಕನ ಮಗನೇ ಒಳಗೆ ಹೋಗಿ ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತು ತಂದರು. ಮೂರು ಪಿನ್ನಿನ ಜಾಗದಲ್ಲಿ ಎರಡೇ ಇದ್ದವು. ಮೇಲಿನ ದೊಡ್ಡದನ್ನು ಯಾವುದೋ ಮನೆಯ ಎರಡು ತೂತಿನ ಸಾಕೆಟ್ಟಿಗೆ ಹಿಡಿಸಲು ಕತ್ತರಿಸಿದ್ದರು. ನಾನು ಓಡಿಹೋಗಿ ಅಂಗಡಿಯಿಂದ ಹೊಸ ಪ್ಲಗ್ಗು ತಂದು ಸೇರಿಸಿದೆ. ಅತ್ತಿಗೆ ಮನೆಯ ಸಾಕೆಟ್ಟಿಗೆ ಲ್ಯಾಂಪು ಹಿಡಿದರು. ಬಲ, ಎಡ. ಬಲ, ಮೇಲೆ. ಎಡ, ಮೇಲೆ. ನಾನು ಬೀದಿಯ ಅಂಚಿನಲ್ಲಿ ಗೂಟ ಹೊಡೆದೆ, ಅಕ್ಕನ ಮಗ ಕೊಡದಲ್ಲಿ ನೀರು ತಂದು ಹೊಯ್ದರು. ಒಳಗೆ ಇಸ್ತ್ರಿಪೆಟ್ಟಿಗೆ ಹಾಕಿಸಿ ಅತ್ತಿಗೆ ನಾಲ್ಕನೆಯದನ್ನು ನೋಡಿದರು. ಬಲ್ಬು ಉರಿಯಲಿಲ್ಲ. ಅವರು ಅದನ್ನು ಬಹಳ ಹೊತ್ತು ನೋಡುತ್ತ ನಿಂತರು. ಆಮೇಲೆ ಪ್ಲಗ್ಗು ಚುಚ್ಚಿದರು. ಪೆಟ್ಟಿಗೆಯ ಮೈಗೂ ಗೂಟಕ್ಕೂ ಇನ್ನೊಮ್ಮೆ ಹಿಡಿದರು. ಉರಿಯಲಿಲ್ಲ.

"ಈಗ ಬರ್ರಿ" ಅಂದರು.

ಮೊದಲು ಆ ಅಜ್ಜಿ ಬಂದು ಎರಡೂ ಅಂಗೈಯನ್ನು ಪೆಟ್ಟಿಗೆಯ ಗಾಜಿನ ಮುಚ್ಚಳದ ಮೇಲೆ ಇಟ್ಟಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಅತ್ತಿಗೆ ಎಲ್ಲರಿಗಿಂತ ಕೊನೆಯಲ್ಲಿ ಹೋದರು, ಬರಿಗಾಲಿನಲ್ಲಿ.

ಓದುತ್ತಿರುವ ನಿಮ್ಮಲ್ಲಿ ಗಾಡಿಮನೆ ಇರುವವರು ಕಡಿಮೆ ಇರಬಹುದು. ಆದರೆ ನಲ್ಲಿ, ಫ್ರಿಜ್ಜು, ಗ್ರೈಂಡರು, ಪಂಪ್‌ಸೆಟ್ಟಿನ ಪೆಟ್ಟಿಗೆ, ಯಾವುದೋ ಒಂದು ನಿಮ್ಮ ಕೈಗೂ ಜುಮ್ ಅಂದಿರುತ್ತದೆ. ಅವತ್ತು ನೀವು ಏನು ಅಂದುಕೊಂಡಿರಿ, ಯಾರಿಗೆ ಹೇಳಿದಿರಿ, ಯಾರಿಗೆ ಹೇಳಲಿಲ್ಲ? ಕೆಳಗೆ ಬರೆಯಿರಿ. ತಪ್ಪು ನಿಮ್ಮದೇ ಆಗಿದ್ದರೂ ಬರೆಯಿರಿ, ನನ್ನದನ್ನು ಮೊದಲೇ ಬರೆದಾಗಿದೆ. ಅತ್ತಿಗೆಗೆ ಒಂದೊಂದನ್ನೂ ಓದಿ ಹೇಳುತ್ತೇನೆ.